ಸೈಬರ್ ವಿದ್ಯಾರ್ಥಿವೇತನ: ಅರ್ಜಿಗೆ ಮುನ್ನ ಕರಾರು ಓದಿ

ಬೆಂಗಳೂರು: ಕಾಲೇಜಿನ ಪೂರ್ಣ ಶುಲ್ಕ, ಅದರ ಮೇಲೆ ವರ್ಷಕ್ಕೆ ಇಪ್ಪತ್ತೇಳು ಸಾವಿರ ಡಾಲರ್ ಭತ್ಯೆ, ಓದು ಮುಗಿದ ಮೇಲೆ ಸರ್ಕಾರಿ ನೌಕರಿ. ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಿರುವ ಮಗನಿಗೋ ಸೋದರ ಸೊಸೆಗೋ ಇಂಥದೊಂದು ಅವಕಾಶವಿದೆ ಎಂದರೆ ಯಾರಿಗೆ ತಾನೆ ಆಸೆ ಹುಟ್ಟದು? ಅವಕಾಶ ನಿಜ. ಆದರೆ ಅದರೊಂದಿಗೆ ಸಹಿ ಹಾಕಬೇಕಾದ ಕರಾರೂ ಅಷ್ಟೇ ನಿಜ.

'ಸೈಬರ್‌ಕೋರ್ ಸ್ಕಾಲರ್‌ಶಿಪ್ ಫಾರ್ ಸರ್ವಿಸ್' ಎಂಬ ಈ ಯೋಜನೆಯ ಬೇರು 1998ರಲ್ಲಿದೆ. ವಿದ್ಯುತ್, ಬ್ಯಾಂಕಿಂಗ್, ದೂರಸಂಪರ್ಕ ಜಾಲಗಳ ರಕ್ಷಣೆ ಕುರಿತು ಅಂದಿನ ಅಧ್ಯಕ್ಷ ಬಿಲ್ ಕ್ಲಿಂಟನ್ ಆ ವರ್ಷ ಆದೇಶ ಹೊರಡಿಸಿದರು. ಜಾಲ ಕಾಯಲು ಸರ್ಕಾರದ ಬಳಿ ಸಾಕಷ್ಟು ತಜ್ಞರಿರಲಿಲ್ಲ. ಖಾಸಗಿ ಕಂಪನಿಗಳು ಕೊಡುವ ಸಂಬಳಕ್ಕೆ ಸರ್ಕಾರ ಸರಿಸಾಟಿಯಾಗಲಾರದು. ಹಾಗಾಗಿ ಓದಿನ ಖರ್ಚು ಹೊತ್ತು, ಪ್ರತಿಯಾಗಿ ಸೇವೆ ಪಡೆಯುವ ಮಾರ್ಗ ಕಂಡುಕೊಂಡಿತು. 2001ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಹಣ ಒದಗಿಸುತ್ತದೆ. ಸೇವಾ ಕರಾರಿನ ಪಾಲನೆಯ ಮೇಲೆ ಒಕ್ಕೂಟ ಸರ್ಕಾರದ ಸಿಬ್ಬಂದಿ ನಿರ್ವಹಣಾ ಕಚೇರಿ ಕಣ್ಣಿಡುತ್ತದೆ.

ಸಿಗುವುದೇನು?

ಬೋಧನಾ ಶುಲ್ಕದ ಜೊತೆಗೆ ಪದವಿ ವಿದ್ಯಾರ್ಥಿಗೆ ವರ್ಷಕ್ಕೆ 27,000 ಡಾಲರ್, ಸ್ನಾತಕೋತ್ತರ ಹಾಗೂ ಸಂಶೋಧನಾ ವಿದ್ಯಾರ್ಥಿಗೆ 37,000 ಡಾಲರ್ ಭತ್ಯೆ ದೊರೆಯುತ್ತದೆ. ಸಮ್ಮೇಳನ, ಪ್ರಮಾಣಪತ್ರ ಪರೀಕ್ಷೆ, ಪುಸ್ತಕ ಇತ್ಯಾದಿಗೆ 6,000 ಡಾಲರ್ ಪ್ರತ್ಯೇಕ. ಗರಿಷ್ಠ ಅವಧಿ ಮೂರು ವರ್ಷ. ಎಷ್ಟು ಅವಧಿಗೆ ನೆರವು ಪಡೆಯಲಾಗಿದೆಯೋ ಅಷ್ಟೇ ಅವಧಿ ಸರ್ಕಾರಿ ಸಂಸ್ಥೆಯೊಂದರಲ್ಲಿ ಸೈಬರ್ ಭದ್ರತಾ ಕೆಲಸ ಮಾಡಬೇಕು. ನಡುವಿನ ಬೇಸಿಗೆ ರಜೆಯಲ್ಲಿ ತರಬೇತಿ ನೌಕರಿಯೂ ಕಡ್ಡಾಯ.

ಅರ್ಜಿ ಯಾರಿಗೆ?

ಹಲವರು ಎಡವುವುದು ಇಲ್ಲಿಯೇ. ಅರ್ಜಿಯನ್ನು ಪ್ರತಿಷ್ಠಾನಕ್ಕೆ ಸಲ್ಲಿಸುವಂತಿಲ್ಲ. ಯೋಜನೆಯಲ್ಲಿ ಪಾಲ್ಗೊಂಡಿರುವ ವಿಶ್ವವಿದ್ಯಾಲಯಗಳೇ ಅರ್ಜಿ ಕರೆದು ಆಯ್ಕೆ ಮಾಡುತ್ತವೆ. ಆದ್ದರಿಂದ ಕೊನೆಯ ದಿನಾಂಕ, ಅಂಕಗಳ ಮಿತಿ, ಸಂದರ್ಶನದ ಬಗೆ ಒಂದೊಂದು ಕಡೆ ಒಂದೊಂದು ರೀತಿ. ತುಲ್ಸಾ, ಪರ್ಡ್ಯೂ, ಕಾರ್ನೆಗಿ ಮೆಲನ್, ಅಯೋವಾ ರಾಜ್ಯ ವಿಶ್ವವಿದ್ಯಾಲಯಗಳು ಆರಂಭದ ದಿನಗಳಲ್ಲೇ ಸೇರಿದವು. ವಿಶ್ವವಿದ್ಯಾಲಯದ ಪ್ರವೇಶ ಮತ್ತು ವಿದ್ಯಾರ್ಥಿವೇತನ ಬೇರೆ ಬೇರೆ. ಮೊದಲನೆಯದು ಸಿಕ್ಕ ಮಾತ್ರಕ್ಕೆ ಎರಡನೆಯದು ಸಿಗುವುದಿಲ್ಲ.

ಅಂಕಪಟ್ಟಿ, ಅಧ್ಯಾಪಕರ ಶಿಫಾರಸು ಪತ್ರ, ಉದ್ದೇಶ ವಿವರಿಸುವ ಪ್ರಬಂಧ ಸಾಮಾನ್ಯವಾಗಿ ಕೇಳುವ ದಾಖಲೆಗಳು. ಪ್ರಬಂಧದಲ್ಲಿ ತಾಂತ್ರಿಕ ಪಾಂಡಿತ್ಯ ಮೆರೆಸಿ, ಸರ್ಕಾರಿ ಸೇವೆ ಏಕೆ ಬೇಕೆಂಬುದನ್ನು ಒಂದು ಸಾಲಿನಲ್ಲಿ ಮುಗಿಸಿದರೆ ಅರ್ಜಿ ಸೊರಗುತ್ತದೆ. ಕಾಲೇಜಿನ ಲ್ಯಾಬ್‌ನಲ್ಲಿ ಮಾಡಿದ ಕೆಲಸ, ಸ್ಪರ್ಧೆಗಳಲ್ಲಿ ಪಾಲ್ಗೊಂಡದ್ದು, ಸ್ಥಳೀಯ ಗ್ರಂಥಾಲಯಕ್ಕೋ ಶಾಲೆಗೋ ಕಂಪ್ಯೂಟರ್ ಸುರಕ್ಷತೆಯಲ್ಲಿ ನೆರವಾದದ್ದು, ಇಂಥ ನಿರ್ದಿಷ್ಟ ಸಂಗತಿಗಳು ಅರ್ಜಿಗೆ ಬಲ ನೀಡುತ್ತವೆ.

ಹಸಿರು ಕಾರ್ಡಿನ ತೊಡಕು

ಅಮೆರಿಕದ ಪ್ರಜೆಗಳು ಹಾಗೂ ಕಾಯಂ ನಿವಾಸಿಗಳು, ಅಂದರೆ ಹಸಿರು ಕಾರ್ಡ್ ಹೊಂದಿದವರು, ಮಾತ್ರ ಅರ್ಹರು. ಇಲ್ಲಿಂದ ವಿದ್ಯಾರ್ಥಿ ವೀಸಾದ ಮೇಲೆ ತೆರಳಿದವರಿಗೆ ಅವಕಾಶವಿಲ್ಲ. ತಂದೆ ಅಥವಾ ತಾಯಿಯ ಎಚ್1ಬಿ ನೌಕರಿಯ ಆಧಾರದ ಮೇಲೆ ಅಲ್ಲಿ ಬೆಳೆದ ಮಕ್ಕಳಿಗೂ, ಎಷ್ಟೇ ವರ್ಷ ಅಲ್ಲಿದ್ದರೂ, ಇದು ದಕ್ಕದು.

ಕಾಯಂ ನಿವಾಸಿಗಳು ಇನ್ನೂ ಒಂದು ವಿಷಯ ಯೋಚಿಸಬೇಕು. ವಿದ್ಯಾರ್ಥಿವೇತನ ಅವರಿಗೂ ಸಿಗುತ್ತದೆ. ಆದರೆ ಒಕ್ಕೂಟ ಸರ್ಕಾರದ ಬಹುಪಾಲು ಹುದ್ದೆಗಳು ಪ್ರಜೆಗಳಿಗಷ್ಟೇ ಮೀಸಲು. ಪದವಿ ಮುಗಿಯುವುದರೊಳಗೆ ಪೌರತ್ವ ಸಿಗದಿದ್ದರೆ ಕರಾರು ಪೂರೈಸುವ ದಾರಿ ಬಹಳ ಕಿರಿದಾಗುತ್ತದೆ.

ಭದ್ರತಾ ತಪಾಸಣೆ ಮತ್ತೊಂದು ಘಟ್ಟ. ರಹಸ್ಯ ಕಡತ ನೋಡಬೇಕಾದ ಹುದ್ದೆಗಳಿಗೆ ಭರ್ತಿ ಮಾಡುವ ದೀರ್ಘ ನಮೂನೆಯಲ್ಲಿ ವಿದೇಶದಲ್ಲಿರುವ ಬಂಧುಗಳು, ವಿದೇಶ ಪ್ರಯಾಣ, ಸಾಲ ಎಲ್ಲವನ್ನೂ ದಾಖಲಿಸಬೇಕು. ಮೈಸೂರಿನಲ್ಲಿ ಅಜ್ಜಿ, ಹುಬ್ಬಳ್ಳಿಯಲ್ಲಿ ಚಿಕ್ಕಪ್ಪ ಇದ್ದಾರೆಂಬುದು ಅನರ್ಹತೆಯಲ್ಲ. ಅದನ್ನು ಮುಚ್ಚಿಟ್ಟರೆ ಅಪರಾಧ. ಗಾಂಜಾ ಸೇವನೆ ಅಲ್ಲಿನ ಹಲವು ರಾಜ್ಯಗಳಲ್ಲಿ ಕಾನೂನುಬದ್ಧವಾದರೂ ಒಕ್ಕೂಟ ಕಾನೂನಿನಲ್ಲಿ ನಿಷಿದ್ಧ. ಹಾಸ್ಟೆಲ್ ದಿನಗಳ ಈ 'ಪ್ರಯೋಗ' ಮುಂದೆ ನೌಕರಿಗೆ ಕುತ್ತು ತರಬಲ್ಲದು ಎಂಬುದನ್ನು ಪಾಲಕರು ಮಕ್ಕಳಿಗೆ ಮುಜುಗರವಿಲ್ಲದೆ ಹೇಳುವುದು ಒಳಿತು.

ನೌಕರಿ ಸಿಗದಿದ್ದರೆ?

ಕರ್ನಾಟಕದ ಓದುಗರಿಗೆ ಸೇವಾ ಕರಾರು ಹೊಸದಲ್ಲ. ವೈದ್ಯಕೀಯ ಪದವೀಧರರ ಕಡ್ಡಾಯ ಸರ್ಕಾರಿ ಸೇವೆಗೆ 2012ರ ಕಾಯ್ದೆಯೇ ಇದೆ. ಆದರೆ ಇಲ್ಲಿ ಹುದ್ದೆ ತೋರಿಸುವುದು ಸರ್ಕಾರದ ಹೊಣೆ. ಸೈಬರ್‌ಕೋರ್‌ನಲ್ಲಿ ಹುದ್ದೆ ಹುಡುಕಿಕೊಳ್ಳುವುದು ವಿದ್ಯಾರ್ಥಿಯದೇ ಹೊಣೆ. ಉದ್ಯೋಗ ಮೇಳವೇನೋ ನಡೆಯುತ್ತದೆ; ನೇಮಕಾತಿಯ ಖಾತರಿಯನ್ನು ಯಾರೂ ನೀಡುವುದಿಲ್ಲ. ಪದವಿ ಪಡೆದ ಹದಿನೆಂಟು ತಿಂಗಳೊಳಗೆ ಅರ್ಹ ನೌಕರಿ ಸೇರದಿದ್ದರೆ ಪಡೆದ ಹಣವೆಲ್ಲ ಬಡ್ಡಿ ಸಹಿತ ತೀರಿಸಬೇಕಾದ ಸಾಲವಾಗಿ ಮಾರ್ಪಡುತ್ತದೆ. ಎರಡು ವರ್ಷದ ಸ್ನಾತಕೋತ್ತರ ವಿದ್ಯಾರ್ಥಿಗೆ ಭತ್ಯೆಗಳ ಮೊತ್ತವೇ 86,000 ಡಾಲರ್; ಶುಲ್ಕ ಅದರ ಮೇಲೆ.

ಬಹುಕಾಲ ಈ ಷರತ್ತು ಕಾಗದದ ಮೇಲಷ್ಟೇ ಭಯ ಹುಟ್ಟಿಸುವಂತಿತ್ತು. ಸೈಬರ್ ತಜ್ಞರಿಗೆ ಸರ್ಕಾರದಲ್ಲಿ ಕೊರತೆಯೇ ಇತ್ತು. 2025ರಲ್ಲಿ ಚಿತ್ರ ಬದಲಾಯಿತು. ಜನವರಿ 20ರಂದು ಅಧಿಕಾರ ವಹಿಸಿಕೊಂಡ ದಿನವೇ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಕ್ಕೂಟ ಸರ್ಕಾರದ ನೇಮಕಾತಿಗೆ ತಡೆ ಹೇರಿದರು. ಬಳಿಕ ಅದನ್ನು ವಿಸ್ತರಿಸಲಾಯಿತು. ಸೈಬರ್ ಭದ್ರತೆಯ ಮುಖ್ಯ ಸಂಸ್ಥೆಯಾದ 'ಸಿಸಾ'ದಲ್ಲೇ ದೊಡ್ಡ ಪ್ರಮಾಣದ ಸಿಬ್ಬಂದಿ ಕಡಿತವಾಯಿತು. ಈ ವಿದ್ಯಾರ್ಥಿಗಳಲ್ಲಿ ಹಲವರಿಗೆ ನೀಡಿದ್ದ ನೇಮಕಾತಿ ಪ್ರಸ್ತಾವಗಳೇ ರದ್ದಾದವು. ಸೇವೆ ಮಾಡಲು ಸಿದ್ಧರಿದ್ದವರಿಗೆ ಸೇವೆ ಮಾಡಲು ಜಾಗವಿಲ್ಲ, ಜಾಗವಿಲ್ಲದ್ದಕ್ಕೆ ಸಾಲ! ನೇಮಕಾತಿ ನಿಲ್ಲಿಸಿದ ಸರ್ಕಾರವೇ ಸಾಲಗಾರನೂ ಆಗುವ ಈ ವ್ಯವಸ್ಥೆ ನ್ಯಾಯವೆನಿಸುವುದಿಲ್ಲ.

ಯೋಜನೆಯ ಕಾನೂನು ಕನಿಷ್ಠ ಶೇ 70ರಷ್ಟು ಪದವೀಧರರನ್ನು ಒಕ್ಕೂಟ ಸರ್ಕಾರದ ಸಂಸ್ಥೆಗಳಲ್ಲಿ ನೆಲೆಗೊಳಿಸುವ ಗುರಿ ಇರಿಸಿಕೊಂಡಿದೆ. ರಾಜ್ಯ, ಸ್ಥಳೀಯ ಹಾಗೂ ಬುಡಕಟ್ಟು ಸರ್ಕಾರಗಳ ಪಾಲು ಶೇ 20ಕ್ಕೆ ಸೀಮಿತ. ಒಂದು ಬಾಗಿಲು ಮುಚ್ಚಿದಾಗ ಎಲ್ಲರೂ ಇನ್ನೊಂದಕ್ಕೆ ನುಗ್ಗಲಾಗದು.

ಸಹಿ ಹಾಕುವ ಮುನ್ನ ವಿಶ್ವವಿದ್ಯಾಲಯದ ಯೋಜನಾ ಸಂಯೋಜಕರನ್ನು ನೇರವಾಗಿ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಹಿಂದಿನ ಎರಡು ತಂಡಗಳಲ್ಲಿ ಎಷ್ಟು ಮಂದಿ ನೌಕರಿ ಸೇರಿದರು, ಎಲ್ಲಿ ಸೇರಿದರು? ಎಷ್ಟು ಮಂದಿ ಕಾಲಾವಕಾಶ ವಿಸ್ತರಣೆ ಕೋರಬೇಕಾಯಿತು? ಯಾರದಾದರೂ ನೆರವು ಸಾಲವಾಗಿ ಬದಲಾಗಿದೆಯೇ? ಉತ್ತರ ಜಾರಿಕೆಯದಾಗಿದ್ದರೆ, ಅದೇ ವಿಭಾಗದ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಮಾತನಾಡುವುದು ಲೇಸು.