ಮುಂಬಟ್ಟನ್ನಿನ ಪವಿತ್ರ

ಮೂಲವನ್ನು ಮೀರಿಸಿದ ರೂಪಾಂತರಗಳು ವಿರಳ. 2023ರ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ ಚಲನಚಿತ್ರ ಅಂತಹ ವಿರಳಗಳಲ್ಲೊಂದೆಂಬುದು, ಈ ಕನ್ನಡ ಅಭಿಮಾನಿಯ ದೃಢಾಭಿಪ್ರಾಯ.

2004ರಲ್ಲಿ ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಜೀವನ್ ಕಾಂಗ್ ಇವರು ಸೃಜಿಸಿದ ‘ಸ್ಪೈಡರ್-ಮ್ಯಾನ್: ಇಂಡಿಯಾ’ ಎಂಬ ಮೂಲ ಕಾಮಿಕ್ಸಿನಲ್ಲಿ ನಾಯಕ ಪವಿತ್ರ ಪ್ರಭಾಕರನಿಗೆ ಧೋತರವನ್ನುಡಿಸಿ, ಯೋಗಿಯೊಬ್ಬನಿಂದ ಶಕ್ತಿಯನ್ನು ಕೊಡಿಸಿದ್ದರೂ, ಕಥೆಯ ಅಸ್ಥಿಪಂಜರವು ಮೊದಲ ಸ್ಪೈಡರ್-ಮ್ಯಾನ್ ಆದ ಪೀಟರ್ ಪಾರ್ಕರನದೇ ಆಗಿದ್ದಿತು, ಚಿಕ್ಕಪ್ಪ ಭೀಮನ ಮರಣವೂ ಅದೇ ವಿಧಿಲಿಖಿತದ ಪುನರಾವೃತ್ತಿ.

ಚಲನಚಿತ್ರವಾದರೋ, ಇಂದ್ರಜಾಲ ಕಾಮಿಕ್ಸಿನ ವರ್ಣವೈಭವದಿಂದ ಸ್ಫೂರ್ತಿಗೊಂಡ ಮುಂಬಟ್ಟನ್ ನಗರದಲ್ಲಿ ಪವಿತ್ರನನ್ನು ಉಲ್ಲಾಸದ ಮೂರ್ತಿಯಾಗಿ ನಿಲ್ಲಿಸಿ, ಪ್ರಿಯೆ ಗಾಯತ್ರಿಯ ತಂದೆಯಾದ ಪೊಲೀಸ್ ಅಧಿಕಾರಿ ಸಿಂಗ್ ಸಾಯಲೇಬೇಕೆಂಬ ನಿಯತಿಯನ್ನು ಚಿತ್ರದ ನಾಯಕ ಮೈಲ್ಸ್ ಮೊರಾಲೆಸನ ಕೈಯಿಂದ ಮುರಿಯಿಸಿ, ಸಮಸ್ತ ಕಥೆಯ ತಿರುವನ್ನೇ ಆ ಭಾರತೀಯ ಲೋಕದಲ್ಲಿ ಸ್ಥಾಪಿಸುತ್ತದೆ. ಅಲಂಕಾರಕ್ಕಾಗಿ ತಂದ ಪಾತ್ರವು ಹೀಗೆ ಕಥೆಗೆ ಅನಿವಾರ್ಯವಾಗುವುದೇ ರೂಪಾಂತರದ ಸಾರ್ಥಕ್ಯ.

ನ್ಯೂನತೆಯಿಲ್ಲವೆ? ಇದೆ: ಮುಂಬಟ್ಟನ್ನಿನ ಪ್ರಸಂಗ ಅತಿ ಹ್ರಸ್ವ, ಪವಿತ್ರನ ಅಂತರಂಗವನ್ನರಿಯುವ ಮುನ್ನವೇ ನಾವು ಬೇರೊಂದು ಲೋಕಕ್ಕೆ ಒಯ್ಯಲ್ಪಡುತ್ತೇವೆ.

ಆದರೂ, ಭಾರತದಲ್ಲಿ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ತೆರೆಕಂಡ ಈ ಚಿತ್ರವನ್ನು ನೋಡುವ ಮೊದಲು ಆ ಕಾಮಿಕ್ಸಿನ ಹಳೆಯ ನಾಲ್ಕು ಸಂಚಿಕೆಗಳನ್ನೊಮ್ಮೆ ಓದಿರಿ. ಯಾವುದು ಮೇಲೆಂಬುದನ್ನು ನೀವೇ ನಿರ್ಣಯಿಸಿರಿ.