ಸ್ವಿಚ್ ತಾನೇ ಬರೆದುಕೊಳ್ಳುವ ನಕ್ಷೆ

ಒಂದು ಕಾಲೇಜು ಆವರಣ ಅಂದುಕೊಳ್ಳಿ. ಆಡಳಿತ ಕಟ್ಟಡ, ಗ್ರಂಥಾಲಯ, ಹಾಸ್ಟೆಲ್. ಮೂರರಲ್ಲೂ ಒಂದೊಂದು ಲೇಯರ್ 3 ಸ್ವಿಚ್, ಅಂದರೆ ರೂಟರಿನ ಕೆಲಸವನ್ನೂ ಬಲ್ಲ ಸ್ವಿಚ್. ಯಾವ ವಿಳಾಸಕ್ಕೆ ಯಾವ ದಾರಿ ಎಂದು ಪ್ರತಿಯೊಂದಕ್ಕೂ ಕೈಯಾರೆ ಬರೆದಿಡಬಹುದು. ಆದರೆ ಜೆಸಿಬಿಯೊಂದು ಕೇಬಲ್ ಕಡಿದ ಕ್ಷಣ ಆ ಬರಹ ಸುಳ್ಳಾಗುತ್ತದೆ. ತಿದ್ದಲು ಯಾರೋ ಅಪರಾತ್ರಿ ಎದ್ದು ಬರಬೇಕು. ಈ ಪಾಡು ತಪ್ಪಿಸಲೆಂದೇ ಬಂದದ್ದು ಡೈನಾಮಿಕ್ ರೂಟಿಂಗ್. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರೋಟೋಕಾಲ್‌ಗಳಲ್ಲೊಂದು ಓಎಸ್‌ಪಿಎಫ್.

ಸ್ವಿಚ್ಚಿಗೆ ನಾವು ಹೇಳಬೇಕಾದ್ದು ನಾಲ್ಕೈದು ಸಾಲು ಮಾತ್ರ. ಮೊದಲು ‘ಐಪಿ ರೂಟಿಂಗ್’ ಎಂದು ರೂಟಿಂಗನ್ನೇ ಚಾಲೂ ಮಾಡಬೇಕು (ಹೊಸಬರು ಮರೆಯುವುದು ಇದನ್ನೇ). ಆಮೇಲೆ ಸ್ವಿಚ್ಚಿಗೊಂದು ಗುರುತು, ಯಾವ ಯಾವ ಜಾಲಗಳು ಓಎಸ್‌ಪಿಎಫ್‌ನಲ್ಲಿ ಸೇರಬೇಕು, ಅವು ಯಾವ ಏರಿಯಾಕ್ಕೆ, ಅಂದರೆ ಜಾಲದ ಯಾವ ವಿಭಾಗಕ್ಕೆ, ಸೇರಿದವು ಎಂಬುದು. ಚಿಕ್ಕ ಜಾಲಕ್ಕೆ ಏರಿಯಾ 0 ಒಂದೇ ಸಾಕು. ಅಷ್ಟಾದರೆ ಸ್ವಿಚ್ಚುಗಳು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಪರಸ್ಪರ ‘ಹಲೋ’ ಎನ್ನುತ್ತವೆ. 40 ಸೆಕೆಂಡು ಸದ್ದಿಲ್ಲದಿದ್ದರೆ ಪಕ್ಕದವ ಇಲ್ಲವೆಂದೇ ಲೆಕ್ಕ.

ಸ್ವಾರಸ್ಯ ಇರುವುದು ಮುಂದೆ. ಯಾವ ಸ್ವಿಚ್ಚೂ ಇನ್ನೊಂದಕ್ಕೆ ದಾರಿ ಹೇಳಿಕೊಡುವುದಿಲ್ಲ. ‘ನನಗೆ ತಾಗಿಕೊಂಡಿರುವ ಕೊಂಡಿಗಳು ಇಷ್ಟು, ಅವುಗಳ ವೆಚ್ಚ ಇಷ್ಟು’ ಎಂದಷ್ಟೇ ಸಾರುತ್ತದೆ. ಆ ಮಾತು ಕೈಯಿಂದ ಕೈಗೆ ಏರಿಯಾ ತುಂಬ ಹರಡುತ್ತದೆ. ಎಲ್ಲರ ಮಾತನ್ನೂ ಜೋಡಿಸಿ ಪ್ರತಿ ಸ್ವಿಚ್ಚೂ ತಾನೇ ನಕ್ಷೆ ಬರೆದು, ಕಡಿಮೆ ವೆಚ್ಚದ ದಾರಿಯನ್ನು ತಾನೇ ಹುಡುಕುತ್ತದೆ. ಹುಡುಕುವ ಲೆಕ್ಕ ಡಚ್ ವಿಜ್ಞಾನಿ ಎಡ್ಸ್‌ಖರ್ ಡೈಕ್‌ಸ್ಟ್ರಾ ಅವರದು. 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಕಾಫಿ ಅಂಗಡಿಯಲ್ಲಿ ಕೂತು, ಕಾಗದ ಪೆನ್ನು ಇಲ್ಲದೆ, ಸುಮಾರು 20 ನಿಮಿಷದಲ್ಲಿ ಅದು ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ.

ವೆಚ್ಚದ ವಿಷಯದಲ್ಲಿ ಮಾತ್ರ ಸ್ವಿಚ್ ನಮ್ಮ ಮಾತನ್ನೇ ನಂಬುತ್ತದೆ. ನಾವೇನೂ ಹೇಳದಿದ್ದರೆ, ಸಿಸ್ಕೊ ಕಂಪನಿಯ ಐಒಎಸ್ ತಂತ್ರಾಂಶದಲ್ಲಿ 100 ಎಂಬಿಪಿಎಸ್ ಅನ್ನು ಕೊಂಡಿಯ ವೇಗದಿಂದ ಭಾಗಿಸಿದ್ದೇ ವೆಚ್ಚ, ಕನಿಷ್ಠ 1. ಹಾಗಾಗಿ 100 ಎಂಬಿಪಿಎಸ್ ಕೊಂಡಿಗೂ 1, ಅದರ ನೂರು ಪಟ್ಟು ವೇಗದ 10 ಜಿಬಿಪಿಎಸ್ ಫೈಬರಿಗೂ 1! ಆಡಳಿತ ಕಟ್ಟಡದಿಂದ ಗ್ರಂಥಾಲಯದ ಮೂಲಕ ಹಾಸ್ಟೆಲಿಗೆ ಹೊಸ ಫೈಬರ್ ಎಳೆದಿದ್ದೀರಿ ಅನ್ನಿ. ಎರಡು ಹೆಜ್ಜೆ, ವೆಚ್ಚ 2. ಹಳೆಯ ನೇರ ಕೊಂಡಿಯ ವೆಚ್ಚ 1. ಹುಡುಗರ ಅಷ್ಟೂ ವಿಡಿಯೊ ಹಳೆಯ ಸಪೂರ ದಾರಿಯಲ್ಲೇ ನೂಕುನುಗ್ಗಲಾಗುತ್ತದೆ, ಫೈಬರ್ ಖಾಲಿ ಬಿದ್ದಿರುತ್ತದೆ. ಇದನ್ನು ತಪ್ಪಿಸಲು 100 ಎಂಬಿಪಿಎಸ್ ಎಂಬ ಆ ಮೂಲ ವೇಗದ ಅಂಕಿಯನ್ನು ಎಲ್ಲ ಸ್ವಿಚ್ಚುಗಳಲ್ಲೂ ಒಂದೇ ಸಮನಾಗಿ ಏರಿಸಬೇಕು.

ಸಾರುವ ಮಾತೇ ಕೆಟ್ಟರೆ? ಇದೇ ಬಗೆಯಲ್ಲಿ ಕೊಂಡಿಗಳ ಸುದ್ದಿ ಸಾರುತ್ತಿದ್ದ ಅಮೆರಿಕದ ಹಳೆಯ ಜಾಲ ಆರ್ಪಾನೆಟ್‌ನಲ್ಲಿ 1980ರ ಅಕ್ಟೋಬರ್ 27ರಂದು ಅದೂ ಆಯಿತು. ಅಲ್ಲಿ ಪ್ರತಿ ಪ್ರಕಟಣೆಗೂ 0ರಿಂದ 63ರವರೆಗಿನ ಒಂದು ಕ್ರಮಸಂಖ್ಯೆ. 63 ಆದಮೇಲೆ ಗಡಿಯಾರದ ಮುಳ್ಳಿನಂತೆ ಮತ್ತೆ 0. ಯಂತ್ರದ ದೋಷದಿಂದ ಬಿಟ್‌ಗಳು ಉದುರಿ, ಒಂದೇ ನೋಡ್‌ನ ಹೆಸರಿನಲ್ಲಿ 44, 40, 8 ಎಂಬ ಮೂರು ಪ್ರಕಟಣೆಗಳು ಹರಿದಾಡಿದವು. ವೃತ್ತದ ಲೆಕ್ಕದಲ್ಲಿ 40ಕ್ಕಿಂತ 44 ಹೊಸದು, 8ಕ್ಕಿಂತ 40 ಹೊಸದು, ಆದರೆ 44ಕ್ಕಿಂತ 8 ಹೊಸದು! ಯಾವುದೂ ಹಳತಾಗಲಿಲ್ಲ, ಯಾವುದೂ ಸಾಯಲಿಲ್ಲ. ಇವುಗಳನ್ನು ಹಂಚುವುದರಲ್ಲೇ ಜಾಲ ಗಂಟೆಗಟ್ಟಲೆ ಮುಳುಗಿತು.

ಓಎಸ್‌ಪಿಎಫ್‌ನ ಈಗಿನ ಆವೃತ್ತಿಗಳಲ್ಲಿ ಕ್ರಮಸಂಖ್ಯೆ ವೃತ್ತವಲ್ಲ, 32 ಬಿಟ್‌ನ ನೇರ ಗೆರೆ. ಪ್ರತಿ ಪ್ರಕಟಣೆಗೂ ಅದು ಕೆಟ್ಟಿದೆಯೇ ಎಂದು ತಿಳಿಸುವ ಚೆಕ್‌ಸಮ್ ಇದೆ, ವಯಸ್ಸೂ ಇದೆ. ಅರ್ಧ ಗಂಟೆಗೊಮ್ಮೆ ಸ್ವಿಚ್ ತನ್ನ ಮಾತನ್ನು ಹೊಸದಾಗಿ ಹೇಳಬೇಕು. ಒಂದು ಗಂಟೆ ದಾಟಿದ ಮಾತನ್ನು ಉಳಿದವು ನಕ್ಷೆಯಿಂದ ಅಳಿಸಿಹಾಕುತ್ತವೆ.