ಇಳಿಜಾರಿನ ಓಟ

ಪ್ರಶ್ನೆ: ಇಳಿಜಾರು ಕಡಿದಾದಷ್ಟೂ ವಸ್ತುವಿನ ವೇಗ ಬೇಗ ಏರುವುದೇಕೆ?

ಭೂಮಿಯ ಸೆಳೆತ ಸದಾ ನೇರ ಕೆಳಕ್ಕೆ. ಇಳಿಜಾರಿನಲ್ಲಿ ಅದು ಎರಡು ಪಾಲಾಗುತ್ತದೆ: ಒಂದು ವಸ್ತುವನ್ನು ನೆಲಕ್ಕೆ ಒತ್ತುತ್ತದೆ, ಇನ್ನೊಂದು ಇಳಿಜಾರಿನಗುಂಟ ಎಳೆಯುತ್ತದೆ. ಇಬ್ಬರು ಬೀರು ಹೊತ್ತು ಮೆಟ್ಟಿಲಿಳಿಯುವಾಗ, ಮೆಟ್ಟಿಲು ಕಡಿದಾದಷ್ಟೂ ಕೆಳಗಿನವನ ಪಾಲಿಗೆ ಹೆಚ್ಚು ಭಾರ ಬರುವುದಿಲ್ಲವೇ? ಹಾಗೆಯೇ ಇಲ್ಲಿ ಎಳೆಯುವ ಪಾಲು ಹೆಚ್ಚುತ್ತದೆ.

ಘರ್ಷಣೆ ಬದಿಗಿಟ್ಟರೆ, 10 ಡಿಗ್ರಿ ಓರೆಯಲ್ಲಿ ಜಾರುವ ವಸ್ತುವಿನ ವೇಗ ಒಂದೊಂದು ಸೆಕೆಂಡಿಗೂ ಸೆಕೆಂಡಿಗೆ ಸುಮಾರು 1.7 ಮೀಟರಿನಷ್ಟು ಏರುತ್ತದೆ. 30 ಡಿಗ್ರಿಯಲ್ಲಿ 4.9, ನೆಟ್ಟಗೆ ಬಿದ್ದರೆ 9.8. ವಸ್ತು ಹಗುರವಿರಲಿ, ಭಾರವಿರಲಿ, ಲೆಕ್ಕ ಒಂದೇ.

ವಿಜ್ಞಾನಿ ಗೆಲಿಲಿಯೋನ ಕಾಲದಲ್ಲಿ ನೇರ ಬೀಳುವ ಗುಂಡು ಅಳತೆಗೆ ಸಿಗದಷ್ಟು ಚುರುಕಾಗಿತ್ತು. ಅದಕ್ಕೇ ಅವನು ಓರೆ ಹಲಗೆಯ ನುಣುಪಾದ ತೋಡಿನಲ್ಲಿ ಕಂಚಿನ ಗುಂಡು ಉರುಳಿಸಿ, ಪಾತ್ರೆಯಿಂದ ಸಣ್ಣಗೆ ಹರಿದ ನೀರನ್ನು ತೂಗಿ ಕಾಲ ಅಳೆದ. ಆ ವಿವರ ಅವನ 1638ರ ಪುಸ್ತಕದಲ್ಲಿದೆ.